ಪಾಲಕರ ಸಮಿತಿಗೆ ಒಬ್ಬ ಅಜ್ಜ

ಹಾನಗಲ್
೧೧ ಮೇ ೨೦೨೫, ಸಂಜೆ

ಪ್ರೀತಿಯ ಹೇಮವ್ವಾ,

ಅಲ್ಲ, ಉಳಿವೆಪ್ಪನ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ನಿನ್ನೆ ಫೋನಿನಲ್ಲಿ ನೀನು ನಕ್ಕು ಆ ಮಾತು ಅಂದೆಯಲ್ಲ, ನಾನು ಉತ್ತರ ಕೊಡುವಷ್ಟರಲ್ಲಿ ಇಟ್ಟುಬಿಟ್ಟೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಸೊಂಟದ ನೋವು ಹೇಗಿದೆ? ಅಳಿಯಂದಿರಿಗೆ ಹಂಸಭಾವಿಯ ನೀರು ಒಗ್ಗಿತೇ? ನಾನು ಆರಾಮಾಗಿದ್ದೇನೆ. ನಿಮ್ಮವ್ವ ಹೋದ ಮೇಲೆ ಕಲಿತ ಅಡುಗೆಯಲ್ಲಿ ಜುಣಕ ಒಂದೇ ನನ್ನ ಕೈಗೆ ಹತ್ತಿದೆ.

ಉಳಿವೆಪ್ಪನ ಸುದ್ದಿಗೆ ಬರುತ್ತೇನೆ. ಸರಕಾರಿ ಶಾಲೆಗೆ ಊರವರು ಏನು ಮಾಡಬಹುದು ಎಂದು ಮಾರ್ಚಿನಲ್ಲಿ ನಮ್ಮ ಓಣಿಯಲ್ಲಿ ಸಭೆ ಕರೆದಿದ್ದರು. ಎದುರು ಮನೆಯ ಈ ಉಳಿವೆಪ್ಪ ಎದ್ದು, 'ದಿನಾ ಸಂಜೀಕ ಮನಿ ಕಟ್ಟಿ ಮ್ಯಾಲೆ ಹುಡುಗರನ್ನ ಕುಂದ್ರಿಸಿ ಓದಸೂಣ್ರಿ. ಮನಿಯವ್ರು ದೀಪ ಕೊಡ್ಲಿ, ಚುರಮುರಿ ಕೊಡ್ಲಿ' ಅಂದ. ಚಪ್ಪಾಳೆಯೋ ಚಪ್ಪಾಳೆ. ಹೇಮಾ, ಅದು ನನ್ನ ಯೋಚನೆ! ಹುಬ್ಬಳ್ಳಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು ನಾನೇ ಅವನಿಗೆ ಹೇಳಿದ್ದೆ. ಆಗ ಗೊರಕೆ ಹೊಡೆಯುತ್ತಿದ್ದ. ಸುಳ್ಳು ಗೊರಕೆ ಎಂದು ಈಗ ತಿಳಿಯಿತು. ನಾನೂ ಎದ್ದು, 'ಪಬ್ಲಿಕ್ ಪಾರ್ಟಿಸಿಪೇಶನ್ ಈಸ್ ದಿ ಬ್ಯಾಕ್‌ಬೋನ್ ಆಫ್' ಎಂದು ಶುರುಮಾಡಿದೆ. ಯಾವುದರ ಬೆನ್ನೆಲುಬು ಎಂಬುದು ನೆನಪಾಗಲಿಲ್ಲ. ಹಿಂದಿನ ಸಾಲಿನಿಂದ ನಮ್ಮ ಓಣಿಯ ಹುಡುಗ ಬಂದೇಸಾಬ, 'ಬ್ಯಾಕ್‌ಬೋನ್ ನೋಯ್ತದ, ಕುಂದರ್ರಿ ಕಾಕಾ' ಅಂದ. ಸಭೆಯೆಲ್ಲ ನಕ್ಕಿತು.

ಆಮೇಲೆ ಉಳಿವೆಪ್ಪನನ್ನು ಶಿಗ್ಗಾವಿ, ಸವಣೂರು, ಹಿರೇಕೆರೂರಿನವರೂ ಭಾಷಣಕ್ಕೆ ಕರೆದರು. ಅದಕ್ಕೆಂದೇ ಹೊಸ ಅಂಗಿ ಹೊಲಿಸಿದ. ಸವಣೂರಿನವರು ಕೊಟ್ಟ ಕುರುಕಲು ಖಾರದಲ್ಲಿ ನನಗೂ ಒಂದು ಮುಷ್ಟಿ ತಂದುಕೊಟ್ಟ. ರುಚಿಯಾಗಿತ್ತು, ಅದೇ ಸಿಟ್ಟು.

ಶಾಲೆ ತೆರೆದ ಮೇಲೆ ಅಲ್ಲಿನ ಪಾಲಕರ ಸಮಿತಿಗೆ ಹೊಸಬರನ್ನು ಆರಿಸುತ್ತಾರೆ. ಅಲ್ಲಿ ಓದುವ ಮಕ್ಕಳ ಪಾಲಕರು ಮಾತ್ರ ನಿಲ್ಲಬಹುದು. ಉಳಿವೆಪ್ಪನ ಮಗಳ ಮಕ್ಕಳು ಅವನ ಮನೆಯಲ್ಲಿದ್ದೇ ಓದುತ್ತಾರೆ, ಆದ್ದರಿಂದ ಅವನು ಪಾಲಕ. ಮೊನ್ನೆಯ ಸಭೆಯಲ್ಲಿ ನಾನು, ಸರಕಾರಿ ಶಾಲೆಯನ್ನು ನಾವೇ ಉಳಿಸಿಕೊಳ್ಳಬೇಕು, ಸಮಿತಿಗೆ ನಾನೂ ನಿಲ್ಲುತ್ತೇನೆ ಎಂದೆ. ಅವನು ಎಲ್ಲರೆದುರು ಕೇಳಿದ: 'ನಿಮ್ಮ ಮೊಮ್ಮಗಳು ಎಲ್ಲಿ ಓದ್ತಾಳ್ರಿ ಪರಮೇಶಣ್ಣಾ? ಕಾನ್ವೆಂಟಿನಾಗ ಹೌದಲ್ರಿ?' ನಾನು ನೆಲ ನೋಡಿದೆ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನನ್ನನ್ನು ತಿನ್ನುತ್ತಿದೆ.

ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ಎದುರು ಕಟ್ಟೆಯ ಮೇಲೆ ಉಳಿವೆಪ್ಪನ ದೀಪ ಹತ್ತಿತು; ಆ ಬೆಳಕಿನಲ್ಲಿ ಮಾತ್ರ ನಾನು ಬರೆಯಲಾರೆ. ಅಳಿಯಂದಿರಿಗೆ ಶರಣು ಹೇಳು. ನೀನೂ ಮೊಮ್ಮಗಳು ವಿದ್ಯಾಳೂ ನೂರು ಕಾಲ ಚಲೋ ಇರ್ರಿ.

ನಿನ್ನ ಅಪ್ಪ,
ಪರಮೇಶಪ್ಪ

ತಾ.ಕ.: ಕಾನ್ವೆಂಟಿನ ವ್ಯಾನ್ ಹತ್ತಲು ವಿದ್ಯಾ ದಿನವೂ ಅಳುತ್ತಿದ್ದಳೆಂದು ನೀನೇ ಹೇಳಿದ್ದೆ. ಸಭೆಯಲ್ಲಿ ನಾನು ನೆಲ ನೋಡಿದ್ದು ಒಂದು ಗಳಿಗೆ ಮಾತ್ರ. ತಲೆಯೆತ್ತಿ, 'ಈ ವರ್ಷ ನನ್ನ ಮನಿಯಾಗಿದ್ದು ಇಲ್ಲೇ ಓದ್ತಾಳ' ಅಂದುಬಿಟ್ಟೆ. ಉಳಿವೆಪ್ಪ ಎದ್ದು ಬಂದು ನನ್ನ ಕೈ ಹಿಡಿದುಕೊಂಡ. ಅವನು ನಂಬಿಬಿಟ್ಟ, ಹೇಮಾ. ನೀನು ಒಲ್ಲೆ ಅಂದರೆ ಅದನ್ನು ಅವನ ಮುಂದೆ ನಾನು ಹೇಗೆ ಹೇಳಲಿ?