ನಿಲ್ಲದೆ ಮುಂದೆ ಹೋದ ಪಡ್ಲಿಗಿ

ಅಕ್ಕಾ,

ಇವತ್ತು ಮಂಗಳವಾರ, ಉಪವಾಸ ಹಿಡಿದಿದ್ದೇನೆ. ಎದ್ದವಳೇ ಅಂಗಳ ಗುಡಿಸಿ ಸಾರಿಸಿದೆ. ಅಷ್ಟರಲ್ಲಿ ಅದಿರಿನ ಲಾರಿಗಳು ಸಾಲಾಗಿ ಹೋದವು, ಅಂಗಳ ಮತ್ತೆ ಕೆಂಪಾಯಿತು, ಮತ್ತೆ ನೀರು ಹೊಡೆದೆ. ಎಮ್ಮೆ ಹಿಂಡಿ, ಜಗುಲಿಯ ಹುಲಿಗೆಮ್ಮಗೆ ದೀಪ ಹಚ್ಚಿ, ಖಾನಾವಳಿಗೆ ಕೊಡುವ ರೊಟ್ಟಿ ಬಡಿದು ಮುಗಿಸಿದೆ. ಇನ್ನು ನನ್ನ ಹೊಟ್ಟೆಗೆ ಸಂಜೆಯೇ. ಈ ಹೊತ್ತಿಗೆ ನೀನು ಗಾದಿಗನೂರಿನ ಬಸ್ಸಿಳಿದು, ಬಗಲಲ್ಲಿ ಪಡ್ಲಿಗಿ, ಆ ಜೋಗದ ಬುಟ್ಟಿ, ಹಿಡಿದು, "ಏ ತಂಗಿ, ಜಲ್ದಿ ಜೋಗ ಹಾಕು, ಬಿಸಲು ಏರಾಕತ್ತೈತಿ" ಅನ್ನುತ್ತಿದ್ದೆ. ಮೊರದಲ್ಲಿ ಜೋಳ ಇಟ್ಟುಕೊಂಡು ಈಗಲೂ ಬಾಗಿಲಿಗೆ ಒಮ್ಮೆ ಹೋಗಿ ಬರುತ್ತೇನೆ. ರೂಢಿ, ಏನು ಮಾಡಲಿ?

ಹುಲಿಗಿಯ ಹೊಳೆಯಲ್ಲಿ ನಿನ್ನನ್ನು ಮುಳುಗಿಸಿ ಮುತ್ತು ಕಟ್ಟಿದ ದಿನ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನಾಗ ನಾಲ್ಕನೇ ಕ್ಲಾಸು. ಹುಟ್ಟಿದಾಗ ಅಪ್ಪ ಗಂಡುಮಗ ಅಂತ ನಿನಗೊಂದು ಹೆಸರಿಟ್ಟಿದ್ದ. ಆ ಹೆಸರು ನಾನು ಬರೆಯುವುದಿಲ್ಲ, ನಿನಗದು ಸೇರುತ್ತಿರಲಿಲ್ಲ. ತಾಯಿ ಹುಲಿಗೆಮ್ಮ ಕರೆದಳು, ಜೋಗಮ್ಮ ಆಗಲೇಬೇಕು ಅಂತ ಹಿರಿಯರು ಹಸಿರು ಸೀರೆ ಉಡಿಸಿದರು. ಅವ್ವ ಅಳುತ್ತಿದ್ದಳು, ಅಪ್ಪ ದೂರ ಕಲ್ಲಿನ ಮೇಲೆ ಕುಂತಿದ್ದ. ನೀನು ಮಾತ್ರ… ಮನುಷ್ಯರ ಮುಖ ಹಾಗೆ ಬೆಳಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬರುವಾಗ ಬಂಡಿಯಲ್ಲಿ ನಾನು ಬಾಯಿ ತಪ್ಪಿ "ಅಣ್ಣಾ" ಅಂದೆ. "ಅಕ್ಕ ಅನ್ನು ಲೇ. ಅಂದ್ರ ರೊಟ್ಟಿ ಬಡಿಯೂದು ಕಲಿಸ್ತೀನಿ" ಅಂದೆ ನೀನು. ಕಲಿಸಿದೆ ಕೂಡ. ಇವತ್ತು ನನ್ನ ಮನೆ ನಡೆಯುವುದು ಆ ರೊಟ್ಟಿಯಿಂದಲೇ.

ಮೈನಿಂಗ್ ಜೋರಾದ ಹೊಸದರಲ್ಲಿ ನಮ್ಮ ಕಟ್ಟೆಯ ಮೇಲೆ ಕುಂತು ನೀನು ಆಡಿದ ಮಾತಿಗೆ ಈಗಲೂ ಓಣಿಯವರು ನಗುತ್ತಾರೆ. ಊರಿನ ಮರ, ಮನೆ, ಕೋಳಿ, ನಾಯಿ ಎಲ್ಲಾ ಕೆಂಪು. "ನಾನು ಮುಟ್ಟಿಗಿ ಮುಟ್ಟಿಗಿ ಭಂಡಾರ ಹಚ್ಚಿದ್ರ ಒಂದು ಹಿಡಿ ಜೋಳ ಕೊಡ್ತೀರಿ. ಲಾರಿಯವರು ಇಡೀ ಊರಿಗೆ ಪುಕ್ಕಟ್ಟೆ ಕುಂಕುಮ ಹಂಚಾಕತ್ತಾರ, ಅವರ ಕಾಲಿಗ್ಯಾಕ ಬೀಳವಲ್ರಿ?" ಅಂದಿದ್ದೆ. ನಿನ್ನ ಜೊತೆ ಬರುತ್ತಿದ್ದ ಎಳೆ ಜೋಗಮ್ಮ ದುರ್ಗಿ ನಕ್ಕು ನಕ್ಕು ಬಾರಿಸುತ್ತಿದ್ದ ಚೌಡಿಕೆಯನ್ನು ಕೈಯಿಂದ ಬಿಟ್ಟಿದ್ದಳು. ಮೆಟ್ರಿ ಊರಿನ ಅವಳ ಮನೆಯವರು ಹೊರಗೆ ಹಾಕಿದ ಆ ಕೂಸನ್ನು ನೀನು ಮಗಳು ಅಂತ ಸಾಕಿದೆ. ಅವಳಿಗಾಗಿಯೇ ಅಲ್ಲವೇ ಆಮೇಲಿನದೆಲ್ಲ ನಡೆದದ್ದು?

ದುರ್ಗಿಗೆ ಜ್ವರ ಏರಿದ ಆ ಸೋಮವಾರ ನೀನು ನನಗೆ ಹೇಳಿಕಳಿಸಿದೆ. ಬಂದು ನೋಡಿದರೆ ಹುಡುಗಿ ಬೆಂಕಿಯ ಹಾಗೆ ಸುಡುತ್ತಿದ್ದಳು. ಪೂರ್ತಿ ಹೆಣ್ಣಾಗುವ ಆಪರೇಷನ್ ಮಾಡಿಸಿಕೊಂಡಿದ್ದಳು, ಯಾರಿಗೂ ಹೇಳದೆ, ಎಲ್ಲೋ ಕದ್ದು ಕೊಯ್ಯುವವನ ಹತ್ತಿರ. ಗಾಯ ಕೀವಾಗಿತ್ತು. ಸರ್ಕಾರಿ ದವಾಖಾನೆಗೆ ಒಯ್ದೆವು. ಯಾವ ದವಾಖಾನೆ ಅಂತ ಬರೆಯುವುದಿಲ್ಲ, ನಿನಗೆ ಗೊತ್ತಿದೆ. ಡಾಕ್ಟರು ಸೀರೆಯ ಅಂಚು ಸರಿಸಿ ನೋಡಿ ಕೈ ಹಿಂದಕ್ಕೆ ತೆಗೆದರು. "ಇಂಥ ಕೇಸು ಮುಟ್ಟಬೇಕಂದ್ರ ಮೊದಲು ಪೊಲೀಸ್ ಸ್ಟೇಷನ್ನಿನ ಕಾಗದ ಬೇಕು. ಹೊಸ ಆರ್ಡರ್ ಆಗೇತಿ" ಅಂದರು. ಸ್ಟೇಷನ್ನಿಗೆ ಹೋದ ಜೋಗಮ್ಮಗಳು ಹೇಗೆ ತಿರುಗಿ ಬರುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಲ್ಲಿಂದ ಖಾಸಗಿ ದವಾಖಾನೆಗೆ ಹೋದರೆ ಅವರೂ ಪೊಲೀಸ್ ಅಂದ ಕೂಡಲೇ ಕೈ ಎತ್ತಿದರು.

ಅವತ್ತು ಸರ್ಕಾರಿ ದವಾಖಾನೆ ಬಿಡುವ ಮುಂಚೆ ನೀನು ಡಾಕ್ಟರಿಗೆ ಹೇಳಿದ್ದನ್ನು ನಾನು ಮರೆಯುವುದಿಲ್ಲ. ದನಿ ಏರಿಸಲಿಲ್ಲ, ಸೆರಗು ಸರಿಮಾಡಿಕೊಂಡೆ. "ಸಾಹೇಬ್ರ, ಕಿಟಕ್ಯಾಗ ನೋಡ್ರಿ. ಗುಡ್ಡಾನ ಹೊತಗೊಂಡು ಹೊಂಟಾವ ಲಾರಿ. ಅವಕ್ಕ ಯಾರೂ ಕಾಗದ ಕೇಳೂದಿಲ್ಲ. ಈ ಕೂಸಿನ ಗಾಯಕ್ಕ ಕೇಳ್ತೀರಲ್ರಿ." ಡಾಕ್ಟರು ಕಿಟಕಿ ನೋಡಲಿಲ್ಲ, ಮೇಜು ನೋಡಿದರು. "ನನ್ನ ನೌಕರಿ ಹೋಗ್ತೈತಮ್ಮಾ" ಅಂದರು. ಕೆಟ್ಟವರಲ್ಲ, ಹೆದರಿದವರು. ಆದರೆ ಅವರ ಹೆದರಿಕೆಗೆ ನಮ್ಮ ದುರ್ಗಿ ಸಾಯಬೇಕಾ?

ಮರುದಿನ ಮಂಗಳವಾರ. ಬೆಳಕು ಹರಿಯುತ್ತಲೇ ಅವಳನ್ನು ಮತ್ತೆ ಆಟೋದಲ್ಲಿ ತಂದು ದವಾಖಾನೆಯ ಬೇವಿನ ಮರದ ಬುಡಕ್ಕೆ ಮಲಗಿಸಿದೆವು, ತಲೆ ನನ್ನ ತೊಡೆಯ ಮೇಲೆ. ನೀನು ನೋಡಿದರೆ ಹಣೆ ತುಂಬ ಭಂಡಾರ ಬಳಿದುಕೊಂಡು, ಪಡ್ಲಿಗಿ ಎತ್ತಿಕೊಂಡು ಎದುರಿನ ಕ್ವಾರ್ಟರ್ಸ್ ಓಣಿಗೆ ಹೊರಟೆ. ನನಗೆ ಸಿಟ್ಟು ನೆತ್ತಿಗೇರಿತು. "ಹುಡುಗಿ ಸಾಯಾಕತ್ಯಾಳ, ನಿನಗ ಜೋಗದ ಚಿಂತಿ ಏನು?" ಅಂದೆ. "ನೀ ಸುಮ್ನ ಕುಂದ್ರು, ಬಾಯಿಗೆ ನೀರು ಹಾಕು ಅಕಿಗೆ" ಅಂದು ನಡೆದೇ ಬಿಟ್ಟೆ.

ಆ ಓಣಿಯಲ್ಲಿ ಮಂಗಳವಾರ ನೀನು ಬರುವ ಹೊತ್ತು ಎಲ್ಲರಿಗೂ ಗೊತ್ತು. ಆಯಾ, ಕಂಪೌಂಡರು, ಆಂಬುಲೆನ್ಸ್ ಡ್ರೈವರ್, ಎಲ್ಲರ ಮನೆಯವರೂ ಮೊರದಲ್ಲಿ ಕಾಳು ಹಿಡಿದು ಬಾಗಿಲಿಗೆ ಬಂದರು. ನೀನು ಒಂದು ಬಾಗಿಲಿಗೂ ನಿಲ್ಲಲಿಲ್ಲ. ಪಡ್ಲಿಗಿ ಮುಂದೆ ಹೋಗುತ್ತಿತ್ತು, ಹೆಂಗಸರು ಮೊರ ಹಿಡಿದು ಹಾಗೇ ನಿಂತಿದ್ದರು. ಜೋಗ ಹಾಕದೆ ಜೋಗಮ್ಮನನ್ನು ಕಳಿಸುವುದು ನಮ್ಮ ಕಡೆ ಯಾರೂ ಮಾಡುವ ಕೆಲಸ ಅಲ್ಲ. ಆದರೆ ಜೋಗಮ್ಮನೇ ಬ್ಯಾಡ ಅಂದು ಹೋಗುವುದು… ಅದನ್ನು ಯಾರು ಕಂಡಿದ್ದರು?

ಓಣಿ ಸುತ್ತಿ ಬಂದರೆ ಕೊನೆಯ ಮನೆ, ನಾವಿದ್ದ ಬೇವಿನ ಮರದ ಎದುರಿಗೇ, ದೊಡ್ಡ ನರ್ಸು ಶಾಂತಮ್ಮ ಸಿಸ್ಟರದ್ದು. ಚೊಚ್ಚಿಲ ಬಾಣಂತನಕ್ಕೆ ಬಂದ ಮಗಳು ದಿನ ತುಂಬಿ ಅವರ ಹಿಂದೆ ನಿಂತಿದ್ದಳು. ಸಿಸ್ಟರ್ ಮೆಟ್ಟಿಲಿಳಿದು ನಿನ್ನ ದಾರಿಗೆ ಅಡ್ಡ ಬಂದರು.

"ಯವ್ವಾ, ನನ್ನ ಬಾಗಿಲ್ಯಾಕ ದಾಟಿ ಹೊಂಟಿ? ಮಗಳಿಗೆ ಭಂಡಾರ ಹಚ್ಚಿ ಹೋಗು."

"ಹಚ್ಚಬೇಕಂದ್ರ ಮುಟ್ಟಬೇಕಲ್ಲವಾ ಸಿಸ್ಟರ್. ನಾವು ನೀವು ಒಬ್ಬರನ್ನೊಬ್ಬರು ಮುಟ್ಟಾಕ ಸ್ಟೇಷನ್ ಕಾಗದ ಬೇಕಂತ ನಿನ್ನೆ ನಿಮ್ಮ ದವಾಖಾನ್ಯಾಗ ಹೇಳಿದರು. ನನ್ನ ಹತ್ರ ಕಾಗದ ಇಲ್ಲ."

ಸಿಸ್ಟರ ಮೊರದಿಂದ ಅಕ್ಕಿ ಚೆಲ್ಲಿತು. ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಳುವ ಮುಖ ಮಾಡಿದಳು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬಿಗಿ ಹಿಡಿಯುತ್ತಿದ್ದರು. ತಾಯಿ ಮುನಿದಾಳು, ನೋಡಿಕೊಳ್ಳಿ ಅಂದಿದ್ದರೆ ಇಡೀ ಓಣಿ ನಿನ್ನ ಕಾಲಿಗೆ ಬೀಳುತ್ತಿತ್ತು. ನೀನು ಏನು ಮಾಡಿದೆ? ಆ ಹುಡುಗಿಯ ಕಡೆ ತಿರುಗಿ ಮೆತ್ತಗೆ ಹೇಳಿದೆ. "ಹೆದರಬ್ಯಾಡ ಮಗಳ. ಸಿಟ್ಟು ನಂದು, ಹುಲಿಗೆಮ್ಮ ಅವ್ವಂದಲ್ಲ. ಅವ್ವ ನಿನ್ನ ಕೂಸಿಗೆ ಏನೂ ಮಾಡೂದಿಲ್ಲ. ಅಲ್ಲಿ ಮರದ ಕೆಳಗ ನನ್ನ ಕೂಸು ಮಲಗೇತಿ, ಅದಕ್ಕ ನಿಲ್ಲವಲ್ಲೆ, ಅಷ್ಟ."

ಅಕ್ಕಾ, ನಾನು ಐವತ್ತು ವರ್ಷ ದೇವರು ದಿಂಡರು ಅಂತ ಬದುಕಿದವಳು. ದೇವರ ಹೆಸರಲ್ಲಿ ಹೆದರಿಸುವ ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಹೆದರಿಸಿದರೆ ಕೆಲಸ ಆಗುತ್ತದೆ ಅಂತ ಗೊತ್ತಿದ್ದೂ, ಮಗಳು ಸಾಯುತ್ತಿದ್ದರೂ, ಹೆದರಿಸದೆ ನಿಂತವಳು ನೀನೊಬ್ಬಳೇ. ನಿನ್ನ ಭಕ್ತಿ ಎಂಥದು ಅಂತ ನನಗೆ ಅವತ್ತು ತಿಳಿಯಿತು.

ಶಾಂತಮ್ಮ ಸಿಸ್ಟರ್ ಮೊರವನ್ನು ಮಗಳ ಕೈಗೆ ಕೊಟ್ಟು ಸೀದಾ ಮರದ ಹತ್ತಿರ ಬಂದರು. ದುರ್ಗಿಯ ಹಣೆ ಮುಟ್ಟಿದರು. "ಸ್ಟ್ರೆಚರ್ ತರ್ರಿ" ಅಂತ ಕೂಗಿದರು. ಡಾಕ್ಟರು ಓಡಿ ಬಂದು "ಸಿಸ್ಟರ್, ಆರ್ಡರ್…" ಅನ್ನುವಷ್ಟರಲ್ಲಿ ಅವರು, "ಸಾರ್, ಹೆಣಕ್ಕ ಬೇಕಿದ್ರ ಕಾಗದ ಕೇಳ್ರಿ. ಇದು ಇನ್ನೂ ಉಸಿರಾಡಾಕತ್ತೈತಿ" ಅಂದರು. ಆಯಾ ಬಂದಳು, ಡ್ರೈವರ್ ಬಂದ, ಎಲ್ಲ ಸೇರಿ ಎತ್ತಿದರು. ಡಾಕ್ಟರು ಕೈ ತೊಳೆದುಕೊಂಡು ಒಳಗೆ ನಡೆದರು. ಸಂಜೆಗೆ ಜ್ವರ ಇಳಿಯಿತು. ನೀನು ಆಗ ಎದ್ದು ಹೋಗಿ, ಯಾರೂ ಕರೆಯದೆ, ಸಿಸ್ಟರ ಮಗಳ ಹಣೆಗೆ ಭಂಡಾರ ಹಚ್ಚಿ ಬಂದೆ. "ಕಾಗದ ಸಿಕ್ತೇನ?" ಅಂತ ನಾನು ಕಾಡಿಸಿದರೆ, "ಮೊರದಾಗಿನ ಅಕ್ಕಿ ಚಲೋ ಇತ್ತಲೇ, ಬಿಡಾಕ ಮನಸಾಗಲಿಲ್ಲ" ಅಂದು ನಕ್ಕೆ.

ಆದರೆ ಆರ್ಡರು ಹಾಗೇ ಇತ್ತು. ಒಬ್ಬ ದುರ್ಗಿ ಉಳಿದಳು, ಉಳಿದವರು? ನೀನು ಕಂಪ್ಲಿ, ಸಂಡೂರು, ಕಮಲಾಪುರದ ಜೋಗಮ್ಮಗಳನ್ನೆಲ್ಲ ಕೂಡಿಸಿಕೊಂಡು ಆರ್ಡರು ತೆಗೆಯಿರಿ ಅಂತ ಕೇಳಲು ಬಳ್ಳಾರಿಯ ದೊಡ್ಡ ಆಫೀಸಿಗೆ ಹೋದ ದಿನ ನಾನು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಜೊತೆಗೆ ಬಂದಿದ್ದೆ. ಫ್ಯಾನಿನ ಕೆಳಗೆ ಕುಂತಿದ್ದ ಸಾಹೇಬರು ಭಾಳ ನಯವಾಗಿ ಹೇಳಿದರು. "ಇದು ನಿಮ್ಮ ಒಳ್ಳೇದಕ್ಕೇ ಮಾಡಿದ್ದಮ್ಮಾ. ಕದ್ದು ಆಪರೇಷನ್ ಮಾಡೋದು ನಿಲ್ಲಲಿ ಅಂತ." ಅದಕ್ಕೆ ನೀನು, "ಕೊಯ್ಯಾಂವನ್ನ ಹಿಡೀರಿ ಸಾಹೇಬ್ರ, ಗಾಯ ಆದಾಕಿನ್ನ ಯಾಕ ಹಿಡೀತೀರಿ? ನಿಮ್ಮ ದವಾಖಾನ್ಯಾಗ ಓದಿದ ಡಾಕ್ಟರ್ ಮಾಡಿದ್ರ ಕತ್ತಲದಾಗ ಯಾರು ಹೋಗ್ತಿದ್ರು?" ಅಂದೆ. ನೋಡೋಣ ಅಂದರು. ಎಷ್ಟು ಸಲ ಹೋದೆವು, ಎಷ್ಟು ಸಲ ನೋಡೋಣ ಅಂದರು… ಬಸ್ಸಿನಲ್ಲಿ ಬರುವಾಗ ನಾನು ಬೇಸರದಿಂದ ಕುಂತರೆ, "ನೋಡ್ತೀನಿ ಅಂದಾರಲ್ಲ, ಕಣ್ಣಾದ್ರೂ ಅದಾವ ಅಂತ ಆತು" ಅನ್ನುತ್ತಿದ್ದೆ.

ನಿನಗೆ ಎದೆ ನೋವು ಬಂದ ದಿನ ನಾನು ದವಾಖಾನೆಯಲ್ಲಿ ಅಡ್ಡಿ ಮಾಡುವವರ ಜೊತೆ ಜಗಳಕ್ಕೆ ಸೆರಗು ಕಟ್ಟಿಕೊಂಡೇ ಓಡಿ ಬಂದೆ. ನೀನು ಜಗಳಕ್ಕೂ ಹೊತ್ತು ಕೊಡಲಿಲ್ಲ. ಆಟೋ ಬರುವುದರೊಳಗೆ ಹೋಗಿಬಿಟ್ಟೆ. ಮಣ್ಣಿಗೆ ಶಾಂತಮ್ಮ ಸಿಸ್ಟರ್ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದರು.

ಈಗ ನೀನು ಕೇಳದೆ ಹೋದ ಸುದ್ದಿ. ಹೋದ ವಾರ ದುರ್ಗಿ ಕಂಪ್ಲಿ ಕಡೆಯ ಒಬ್ಬ ಹೊಸ ಜೋಗಮ್ಮನನ್ನು ಅದೇ ದವಾಖಾನೆಗೆ ಕರೆತಂದಳು. ಅದೇ ಥರದ ಗಾಯ, ಅದೇ ಜ್ವರ. ನಾನೂ ಹೋಗಿದ್ದೆ. ಚೀಟಿ ಬರೆಯುವ ಕಿಟಕಿಯಲ್ಲಿ "ಹೆಸರೇನು?" ಅಂದರು. ಹೇಳಿದಳು. "ಏನಾಗೇತಿ?" ಅಂದರು. ಹೇಳಿದಳು. ನಾನು ಮೂರನೇ ಪ್ರಶ್ನೆಗೆ ಕಾಯುತ್ತಿದ್ದೆ. "ಒಳಗ ನಡೀರಿ, ಬಲಗಡೆ ಹೆಣ್ಣುಮಕ್ಕಳ ವಾರ್ಡು" ಅಂದರು. ಅಷ್ಟೇ. ಕಾಗದದ ಮಾತು ಯಾರೂ ಎತ್ತಲಿಲ್ಲ. ಆರ್ಡರು ಹಿಂದಕ್ಕೆ ಹೋಗಿದೆ ಅಂತ ಸಿಸ್ಟರ್ ಕಿವಿಯಲ್ಲಿ ಹೇಳಿದರು. ಡಾಕ್ಟರು ಅದೇ ಡಾಕ್ಟರು; ನನ್ನನ್ನು ಗುರುತು ಹಿಡಿದು ನೀನೆಲ್ಲಿ ಅಂತ ಕೇಳಿದರು. ಇಲ್ಲ ಅಂದೆ. ಕೈಗವಸು ಹಾಕಿಕೊಂಡು ಹುಡುಗಿಯ ಹತ್ತಿರ ನಡೆದರು.

ಎಲ್ಲಾ ಮುಗಿಯಿತು ಅಂತ ಸುಳ್ಳು ಬರೆಯಲಾರೆ. ಗುಡ್ಡದ ಆಚೆಗಿನ ದವಾಖಾನೆಯಲ್ಲಿ ಇನ್ನೂ ಕಾಗದ ಕೇಳುತ್ತಾರಂತೆ. ಓದಿದ ಡಾಕ್ಟರು ಆ ಆಪರೇಷನ್ ಮಾಡುವ ಕಾಲ ಯಾವಾಗ ಬರುತ್ತದೋ. ಬರುವ ಮಂಗಳವಾರ ದುರ್ಗಿ ನಿನ್ನ ಪಡ್ಲಿಗಿ ಹೊತ್ತು ಅಲ್ಲಿಗೆ ಹೋಗುತ್ತಾಳೆ, ನಾನೂ ಹೋಗುತ್ತೇನೆ. ನಿನ್ನ ಮೇಲಾಣೆ, ಕೇಳುವುದು ನಿಲ್ಲುವ ತನಕ ಹೋಗುತ್ತೇನೆ. ಹೆದರಿಸುವುದಿಲ್ಲ. ಯಾವ ಬಾಗಿಲು ದಾಟಬೇಕು, ಯಾವ ಬಾಗಿಲಿಗೆ ನಿಲ್ಲಬೇಕು ಅಂತ ಮಾತ್ರ ನಮಗಿಬ್ಬರಿಗೂ ಇನ್ನೂ ಸರಿಯಾಗಿ ತಿಳಿಯದು. ನೀನೇ ಹೇಳಬೇಕು.

ಅದಕ್ಕೇ ಈ ಕಾಗದ ಮಡಿಚಿ ಪಡ್ಲಿಗಿಯಲ್ಲಿ ಭಂಡಾರದ ಕೆಳಗೆ ಇಟ್ಟಿದ್ದೇನೆ. ದುರ್ಗಿ ಹುಣ್ಣಿವೆಗೆ ಹುಲಿಗಿಗೆ ಹೊರಟಿದ್ದಾಳೆ, ಕಾಗದ ಓದಿ ಹೊಳೆಗೆ ಬಿಡುತ್ತಾಳೆ. ದುರ್ಗೀ, ಬಿಟ್ಟ ಕೂಡಲೇ ಬಸ್ಸಿಗೆ ಓಡಬ್ಯಾಡ. ದಂಡೆಯ ಮೇಲೆ ಸ್ವಲ್ಪ ಕುಂದ್ರು. ಅಕ್ಕ ಏನಾದರೂ ಅಂದರೆ ಕೇಳಿಸಿಕೊಂಡು, ನನಗೆ ತಂದು ಹೇಳು ಮಗಳ.