ಬಿದ್ದವನು ಸತ್ತ

ಮಾರ್ಚ್ ೧೪, ಶನಿವಾರ

ಆಸ್ಪತ್ರೆಯಿಂದ ಬಂದ ಮೇಲೆ ಬಲಗೈ ನಡುಗುವುದಕ್ಕಿಂತ ಆಟಕ್ಕೆ ಕೂರುವ ಇವರೆಲ್ಲ ತೋರಿಸುವ ಕನಿಕರವೇ ನನಗೆ ದೊಡ್ಡ ಹಿಂಸೆಯಾಗಿತ್ತು. ಊಟದ ಮೇಜಿನ ಮೇಲೆ ಹಳೇ ಕಾಲದ ಯುದ್ಧ ಹೂಡಿ ಗೊಂಬೆ ಸೈನ್ಯ ಆಡಿಸುವಾಗ ಬಿದ್ದವನು ಸತ್ತ ಎಂದು ನಿಯಮ ಮಾಡಿದವಳೇ ನಾನು, ಅಳಿಯನ ಅಂಗಿಯ ಜೋಲು ತೋಳು ತಾಗಿ ಗೊಂಬೆಗಳು ಉರುಳುವ ಕಾಟ ತಾಳಲಾರದೆ. ಈಗ ನಾನು ಬೀಳಿಸಿದರೆ ಮಾತ್ರ ಅವನೇ "ಪರವಾಗಿಲ್ಲ ಬಿಡಿ ಅತ್ತೆ" ಎಂದು ಎತ್ತಿ ನಿಲ್ಲಿಸುತ್ತಿದ್ದ. ಹಾಗೆಯೇ ಎರಡು ಆಟ ಗೆದ್ದೆ. ಅದೂ ಒಂದು ಗೆಲುವೇ, ಥೂ.

ಇವತ್ತು ಸೇತುವೆ ದಾಟಿಸುವಾಗ ನನ್ನ ಸೇನಾಪತಿಯೇ ಉರುಳಿಬಿದ್ದ. ಅಳಿಯ ಕೈ ಚಾಚಿದ. ಇವತ್ತಿನ ಎದುರಾಳಿ, ನಮ್ಮ ಬೀದಿಯ ದರ್ಜಿ, ಆ ಕೈ ತಡೆದ.

"ಬಿದ್ದೋನು ಸತ್ತ. ತೆಗೀರಿ ಅಜ್ಜಿ."

"ಮುದುಕಿ ಅಂತ ಕರುಣೆ ಇಲ್ವೇನೋ ನಿಂಗೆ?" ಎಂದೆ.

"ಹೋದ್ವರ್ಷ ನಾನು ಸೀನಿದಾಗ ನನ್ನ ಆನೆ ಬಿತ್ತಲ್ಲ, ಆಗ ನಿಮಗಿತ್ತಾ?"

ಇರಲಿಲ್ಲ. ನಕ್ಕಿದ್ದೆ ಕೂಡ.

ಸೇನಾಪತಿಯನ್ನು ನಾನೇ ಡಬ್ಬಿಗೆ ಹಾಕಿದೆ. ಆಮೇಲೆ ನನ್ನ ಸೈನ್ಯ ಚಿಂದಿ ಚಿಂದಿಯಾಯಿತು. ಅಬ್ಬ, ಹೊಟ್ಟೆ ತಣ್ಣಗಾಯಿತು. ಇನ್ನೂ ನನ್ನನ್ನು ಸೋಲಿಸಬೇಕು ಎನ್ನುವವನು ಒಬ್ಬನಾದರೂ ಇದ್ದಾನೆ.

ಮುಂದಿನ ವಾರ ಆ ದರ್ಜಿಗೆ ಮಣ್ಣು ಮುಕ್ಕಿಸಬೇಕು. ಕುದುರೆಗಳನ್ನು ಎಡಗೈಯಲ್ಲಿ ನಡೆಸಿದರೆ, ಹೊಳೆಯ ಆಚೆ ಬದಿಯಿಂದ ಸುತ್ತಿ ಬಂದು ಅವನ ಸೈನ್ಯವನ್ನು ಹಿಂದಿನಿಂದಲೇ ಹೊಡೆಯಬಹುದು.