ಕಾಲಿಗೆ ಹಾಕಿದ ರಂಗೋಲಿ

ನನ್ನ ಮನೆಯಾಕೆ ಶಾರದಾ,

ಹಿಂದೂಪುರದ ನಮ್ಮ ಅಂಗಳದಲ್ಲೇ ಕೂತು ಬರೀತಿದೀನಿ. ಸಾಲು ಸೊಟ್ಟ ಹೋಗ್ತಿದೆ ಅಂತ ನಗಬೇಡ ಕಣೆ. ನಿನ್ನ ಕೈ ಎಲ್ಲಿ, ನನ್ನ ಕೈ ಎಲ್ಲಿ.

ಹೆಣ್ಣು ನೋಡೋಕೆ ಕಲ್ಯಾಣದುರ್ಗಕ್ಕೆ ಬಂದಿದ್ದು ನೆನಪಿದೆಯಾ? ಒಳಗೆ ಮಗ್ಗದ ಸದ್ದು. ಹಿತ್ತಲ ಸಿಮೆಂಟು ನೆಲದ ಮೇಲೆ ನೀನು, ನಾಲ್ಕು ಗಾಲಿಯ ಬೂಟು ಹಾಕ್ಕೊಂಡು, ಒಂದೇ ಕಾಲಲ್ಲಿ ರಂಗೋಲಿ ವೃತ್ತದ ಉದ್ದಕ್ಕೂ ತೇಲ್ತಾ ಇದ್ದೆ. ಕಾಲೇಜಲ್ಲಿ ಓದಿದ ಇಂಗ್ಲಿಷೆಲ್ಲ ಮರೆತು 'ಗ್ರೇಸ್‌ಫುಲ್' ಅನ್ನೋದೊಂದೇ ಬಾಯಿಗೆ ಬಂತು, ಅದೂ ಜೋರಾಗಿ. ನಿಮ್ಮಪ್ಪ "ಏನಂದ್ರಿ?" ಅಂದ್ರು. ಕಾಫಿ ಚೆನ್ನಾಗಿದೆ ಅಂದ್ಬುಟ್ಟೆ…

ಮದುವೆಯಾದ ಮೇಲೆ ಸ್ಕೇಟಿಂಗಲ್ಲಿ ಮೊದಲ ರಾಜ್ಯ ಸ್ಪರ್ಧೆ. ಅಷ್ಟು ಚಂದ ಆಡಿ ಕೊನೇ ಸ್ಥಾನ! ನೆಲದ ಮೇಲೆ ಎಳೆದ ವೃತ್ತದ ಗೆರೆಯ ಮೇಲೇ ಗಾಲಿ ಉರುಳಬೇಕಿತ್ತು, ನೀನು ಪೂರ್ತಿ ಒಂದು ಗೇಣು ಒಳಗೇ ಹೋಗಿದ್ದೆ. ರಂಗೋಲಿ ತುಳೀಬಾರದು ಅಂತ ಬೆಳೆದವಳು ರಂಗೋಲಿ ಹಾಕ್ಕೊಂಡು ಕಲಿತರೆ ಇನ್ನೇನಾಗುತ್ತೆ? ಬಸ್ಸಲ್ಲಿ "ಈ ಬೂಟು ಯಾರಿಗಾದ್ರೂ ಕೊಟ್ಬುಡೋಣ ರೀ" ಅಂದೆ. ಬೂಟಿನ ಚೀಲ ನನ್ನ ತೊಡೆ ಮೇಲೆ ಎಳ್ಕೊಂಡೆ. ಉಪಾಯ ಹೊಳೆದಿದ್ದು ನಮ್ಮಮ್ಮನಿಗೆ. ಮಾರನೇ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ, ಆಮೇಲೆ ಅಂಗಳದ ಮಧ್ಯೆ ಮೊಳೆಗೆ ದಾರ ಕಟ್ಟಿ ದೊಡ್ಡ ವೃತ್ತ ಎಳೆದ್ಲು. "ಅದು ದೇವ್ರಿಗೆ. ಇದು ನಿನ್ನ ಕಾಲಿಗೆ ಹಾಕಿದ್ದು ಕಣಮ್ಮ. ತುಳಿ."

ಮುಂದಿನ ವರ್ಷವೇ ಚಾಂಪಿಯನ್. 'ಪ್ರಾಕ್ಟೀಸ್ ಮೇಕ್ಸ್…' ಮುಂದಿಂದು ಮರೆತೆ, ನಿನ್ನ ನೋಡೇ ಬರೆದಿರಬೇಕು. ಆಮೇಲೆ ಗೋರಂಟ್ಲದ ಹುಡುಗೀರೆಲ್ಲ ಬಸ್ ಹತ್ತಿ ನಿನ್ನ ಹತ್ರ ಕಲಿಯೋಕೆ ಬರೋರು. ಒಬ್ಬೊಬ್ಬಳಿಗೂ ನೀನೇ ವೃತ್ತ ಎಳೀತಿದ್ದೆ. ನೀನು ಹೋದ ಮೇಲೆ ಗೇಟಿಗೆ ಬೀಗ ಹಾಕ್ಬುಟ್ಟೆ. ನೀನಿಲ್ಲದ ಅಂಗಳದಲ್ಲಿ ಗಾಲಿ ಸದ್ದು ಕೇಳೋಕೆ ನನ್ನಿಂದ…

ಮೊನ್ನೆ ನಿನ್ನ ಕೊನೇ ಶಿಷ್ಯೆ, ಲೇಪಾಕ್ಷಿಯ ಪಲ್ಲವಿ, ಬಂದು ಗೇಟು ಬಡಿದ್ಲು. "ತಾತಾ, ಸ್ಪರ್ಧೆಗೆ ಹತ್ತೇ ದಿನ. ಬೀಗ ತೆಗೀದಿದ್ರೆ ಗೋಡೆ ಹಾರಿ ಬತ್ತೀನಿ!"

ತೆಗೆದೆ ಕಣೆ. ಮೊಳೆ ಹುಡುಕಿ ದಾರ ಕಟ್ಟಿದೆ. ದಾರ ಸಡಿಲ ಬಿಟ್ಟಿದ್ದೆ. "ಇದು ವೃತ್ತ ಅಲ್ಲ ತಾತಾ, ಕೋಳಿಮೊಟ್ಟೆ" ಅಂತ ನಕ್ಕಳು. ಅಳಿಸಿದೆ, ಮತ್ತೆ ಎಳೆದೆ. ಮೂರನೇ ಸಲ ದುಂಡಗಾಯ್ತು. ಬೂಟು ಕಟ್ಕೊಂಡು ಬಂದವಳು ಗೆರೆ ಹತ್ರ ನಿಂತ್ಬುಟ್ಲು.

"ಇಷ್ಟು ಕಷ್ಟಪಟ್ಟು ಹಾಕಿದೀರಲ್ಲ ತಾತಾ…"

ಅಮ್ಮನ ಮಾತು ನನ್ನ ಬಾಯಿಗೆ ಬಂತು. "ನಿನ್ನ ಕಾಲಿಗೇ ಹಾಕಿದ್ದು ಕಣಮ್ಮ. ತುಳಿ."

ತುಳಿದಳು ಶಾರದಾ. ಗೆರೆಯ ಮೇಲೇ, ನಿನ್ನ ಹಾಗೇ.

ನಾಳೆ ಇನ್ನಿಬ್ಬರು ಬರ್ತಾರಂತೆ. ಮೊಳೆ ಕೀಳಲಿಲ್ಲ. ದಾರ ಬಿಗಿಯಾಗಿ ಹಿಡೀತೀನಿ.